ಮದುವೆ ಮೊದಲೋ, ದೀಕ್ಷೆ ಮೊದಲೋ

1889ರ ಡಿಸೆಂಬರ್. ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಹೊಸದಾಗಿ ಬಂದಿದ್ದ ಅಲೆಕ್ಸಿಸ್ ಟೋತ್ ಎಂಬ ಪಾದ್ರಿ, ರೂಢಿಯಂತೆ ಅಲ್ಲಿನ ಆರ್ಚ್‌ಬಿಷಪ್ ಜಾನ್ ಐರ್ಲೆಂಡ್ ಅವರನ್ನು ಕಾಣಲು ಹೋದರು. ಕೈಯಲ್ಲಿ ತಮ್ಮ ಬಿಷಪರು ಕೊಟ್ಟ ಪತ್ರಗಳಿದ್ದವು. ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಪ್ರೆಶೊವ್ ಧರ್ಮಕ್ಷೇತ್ರ ಅವರದು. ಅಲ್ಲಿಂದ ಗಣಿ, ಗಿರಣಿಗಳ ಕೂಲಿಗೆಂದು ಅಮೆರಿಕಕ್ಕೆ ಬಂದಿದ್ದ ತಮ್ಮ ಜನರಿಗೆ ಅವರದೇ ವಿಧಿಯಲ್ಲಿ ಪೂಜೆ ನಡೆಸಿಕೊಡುವುದು ಟೋತ್ ಪಾಲಿಗೆ ಬಂದ ಕೆಲಸ. ಅವರು ಆಮೇಲೆ ಬರೆದಿಟ್ಟ ಪ್ರಕಾರ, ಪತ್ರದಲ್ಲಿ ‘ಗ್ರೀಕ್ ಕ್ಯಾಥೊಲಿಕ್’ ಎಂಬ ಮಾತು ಕಣ್ಣಿಗೆ ಬೀಳುತ್ತಿದ್ದಂತೆ ಆರ್ಚ್‌ಬಿಷಪರ ಕೈ ನಡುಗತೊಡಗಿತು. ಹೆಂಡತಿ ಇದ್ದಾಳೆಯೇ ಎಂದು ಕೇಳಿದರು. ಇಲ್ಲ ಎಂದರು ಟೋತ್. ಇದ್ದಳೇ ಎಂದು ಮತ್ತೆ ಕೇಳಿದರು. ಇದ್ದಳು, ತೀರಿಕೊಂಡಳು ಎಂದರು. ಅಷ್ಟು ಕೇಳಿದ್ದೇ ತಡ, ಆರ್ಚ್‌ಬಿಷಪರು ಪತ್ರಗಳನ್ನು ಮೇಜಿನ ಮೇಲೆ ಎಸೆದರು. ಇಂಥ ಪಾದ್ರಿಗಳನ್ನು ಕಳಿಸಬೇಡಿ ಎಂದು ರೋಮ್‌ಗೆ ಆಗಲೇ ಬರೆದಿದ್ದೇನೆ ಎಂದು ಗದರಿದರು.

ಇಬ್ಬರೂ ಕ್ಯಾಥೊಲಿಕರೇ. ಇಬ್ಬರೂ ಒಬ್ಬರೇ ಪೋಪರಿಗೆ ತಲೆಬಾಗುವವರು. ಟೋತ್ ಯಾವ ನಿಯಮವನ್ನೂ ಮುರಿದಿರಲಿಲ್ಲ. ಅವರ ಧರ್ಮಸಭೆಯಲ್ಲಿ ಮದುವೆಯಾದವನು ಗುರುದೀಕ್ಷೆ ಪಡೆಯುವುದು ನೂರಾರು ವರ್ಷಗಳ ಪದ್ಧತಿ, ಅದಕ್ಕೆ ರೋಮ್‌ನ ಒಪ್ಪಿಗೆಯೂ ಇತ್ತು. ಮೇಲಾಗಿ, ಹೆಂಡತಿಯನ್ನೂ ಒಂದೇ ಒಂದು ಮಗುವನ್ನೂ ಕಳೆದುಕೊಂಡಿದ್ದ ಅವರು ಆ ಹೊತ್ತಿಗೆ ಒಂಟಿ. ಆದರೂ ಅಲ್ಲಿ ಪೂಜೆ ನಡೆಸಲು ಅವರಿಗೆ ಅನುಮತಿ ಸಿಗಲಿಲ್ಲ. 1891ರ ಮಾರ್ಚ್‌ನಲ್ಲಿ ಟೋತ್ ತಮ್ಮ 361 ಜನರೊಂದಿಗೆ ರಷ್ಯನ್ ಆರ್ಥೊಡಾಕ್ಸ್ ಧರ್ಮಸಭೆಗೆ ಸೇರಿದರು. ಅವರ ಹಿಂದೆ ಸಾವಿರಾರು ವಲಸಿಗರು ಹೋದರು. 1994ರಲ್ಲಿ ಅಮೆರಿಕದ ಆರ್ಥೊಡಾಕ್ಸ್ ಧರ್ಮಸಭೆ ಟೋತ್ ಅವರನ್ನು ಸಂತರೆಂದು ಸಾರಿತು.

ಕ್ಯಾಥೊಲಿಕ್ ಪಾದ್ರಿಗಳು ಮದುವೆಯಾಗುವಂತಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಮಾತು ನಿಜ. ಆದರೆ ಮದುವೆಯಾದವನು ಕ್ಯಾಥೊಲಿಕ್ ಪಾದ್ರಿಯಾಗುವಂತಿಲ್ಲ ಎಂದರೆ ಅದು ನಿಜವಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಇಡೀ ಚರ್ಚೆ ದಾರಿ ತಪ್ಪುತ್ತದೆ. ಬ್ರಹ್ಮಚರ್ಯವನ್ನು ಕ್ರೈಸ್ತ ವಿಶ್ವಾಸದ ಬುಡವೆಂದು ತಿಳಿದು ಹೊಗಳುವವರೂ ಇದ್ದಾರೆ, ಹಾಗೆಯೇ ತಿಳಿದು ಬಯ್ಯುವವರೂ ಇದ್ದಾರೆ. ಅದು ವಿಶ್ವಾಸದ ತತ್ತ್ವವಲ್ಲ, ಧರ್ಮಸಭೆ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಈ ಕಟ್ಟಳೆಯನ್ನು ಸಡಿಲಿಸುವ ಕಾಲ ಬಂದಿದೆ ಎಂಬುದು ನನ್ನ ನಂಬಿಕೆ. ಬ್ರಹ್ಮಚರ್ಯದ ಮೇಲೆ ನನಗಿರುವ ಗೌರವ ಅದಕ್ಕೆ ಅಡ್ಡಿಯಾಗಿಲ್ಲ.

ಮೊದಲು ನಿಯಮ ನೋಡೋಣ. ಕ್ಯಾಥೊಲಿಕ್ ಧರ್ಮಸಭೆ ಎಂದರೆ ಒಂದೇ ಸಭೆಯಲ್ಲ. ಲ್ಯಾಟಿನ್ ಧರ್ಮಸಭೆಯ ಜೊತೆಗೆ ಪೂರ್ವ ವಿಧಿಗಳ 23 ಧರ್ಮಸಭೆಗಳು ಪೋಪರ ಅಡಿಯಲ್ಲಿವೆ. ಟೋತ್ ಅವರಂಥ ಗ್ರೀಕ್ ಕ್ಯಾಥೊಲಿಕರು ಈ ಪೂರ್ವದವರ ಸಾಲಿಗೆ ಸೇರಿದವರು. ಲ್ಯಾಟಿನ್ ಧರ್ಮಸಭೆಗೆ 1983ರ ನ್ಯಾಯಸಂಹಿತೆ, ಪೂರ್ವದವರಿಗೆ 1990ರದು. ಲ್ಯಾಟಿನ್ ಸಂಹಿತೆಯ 277ನೇ ವಿಧಿ, ಸ್ವರ್ಗಸಾಮ್ರಾಜ್ಯಕ್ಕಾಗಿ ಪೂರ್ಣವೂ ನಿರಂತರವೂ ಆದ ಇಂದ್ರಿಯ ಸಂಯಮವನ್ನು ಗುರುಗಳು ಪಾಲಿಸಬೇಕು, ಆದ್ದರಿಂದ ಅವರು ಅವಿವಾಹಿತರಾಗಿರಬೇಕು ಎನ್ನುತ್ತದೆ. ಪೂರ್ವದ ಸಂಹಿತೆ ಬ್ರಹ್ಮಚರ್ಯವನ್ನು ಗೌರವಿಸುತ್ತಲೇ, ವಿವಾಹಿತ ಗುರುಗಳ ಬದುಕನ್ನೂ ಗೌರವದಿಂದ ಕಾಣಬೇಕು ಎಂದು ಹೇಳುತ್ತದೆ. ಉಕ್ರೇನ್‌ನ ಗ್ರೀಕ್ ಕ್ಯಾಥೊಲಿಕ್ ಊರುಗಳಲ್ಲಿ ಪಾದ್ರಿಯ ಹೆಂಡತಿ, ಮಕ್ಕಳು ಚರ್ಚಿನ ಪಕ್ಕದ ಮನೆಯಲ್ಲೇ ಇರುವುದು ಸರ್ವೇಸಾಧಾರಣ.

ಎರಡೂ ಕಡೆ ಸಮಾನವಾದ ಒಂದು ಸಂಗತಿಯಿದೆ: ದೀಕ್ಷೆಯ ನಂತರ ಮದುವೆಯಿಲ್ಲ. ಗೃಹಸ್ಥ ಗುರುವಾಗಬಹುದು, ಗುರು ಗೃಹಸ್ಥನಾಗಲಾರ. ಹೆಂಡತಿ ತೀರಿಕೊಂಡರೆ ಪೂರ್ವ ವಿಧಿಯ ಪಾದ್ರಿಯೂ ಮರುಮದುವೆಯಾಗುವಂತಿಲ್ಲ. ಬಿಷಪ್ ಪದವಿಯಂತೂ ಎರಡೂ ಕಡೆ ಅವಿವಾಹಿತರಿಗೆ ಇಲ್ಲವೇ ವಿಧುರರಿಗೆ ಮಾತ್ರ.

ಲ್ಯಾಟಿನ್ ವಿಧಿಯಲ್ಲಿ ಬ್ರಹ್ಮಚರ್ಯದ ಮಾತು ಕೊಡುವುದು ಗುರುದೀಕ್ಷೆಯ ದಿನವಲ್ಲ. ಅದಕ್ಕೂ ಮುಂಚಿನ ಮೆಟ್ಟಿಲಾದ ಡೀಕನ್ ಅಥವಾ ಸೇವಾದರ್ಶಿ ದೀಕ್ಷೆಯ ದಿನ. ಮಂಗಳೂರಿನ ಜೆಪ್ಪು ಗುರುಮಠದಲ್ಲೋ ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲೋ ತತ್ತ್ವಶಾಸ್ತ್ರ, ದೈವಶಾಸ್ತ್ರ ಎಂದು ವರ್ಷಗಟ್ಟಲೆ ಓದಿದ ಹುಡುಗ ಬಿಷಪರ ಮುಂದೆ ನಿಲ್ಲುತ್ತಾನೆ. ಜೀವನವಿಡೀ ಬ್ರಹ್ಮಚಾರಿಯಾಗಿ ಉಳಿಯುವ ಸಂಕಲ್ಪವಿದೆಯೇ ಎಂದು ಬಿಷಪರು ಎಲ್ಲರೆದುರು ಕೇಳುತ್ತಾರೆ. ಇದೆ ಎನ್ನುತ್ತಾನೆ. ಆಮೇಲೆ ಮಂಡಿಯೂರಿ, ಮುಗಿದ ಎರಡೂ ಕೈಗಳನ್ನು ಬಿಷಪರ ಅಂಗೈಗಳ ನಡುವೆ ಇಟ್ಟು ವಿಧೇಯತೆಯ ಮಾತು ಕೊಡುತ್ತಾನೆ. ಮುಂದೆ ಅವನು ಬಲಿಪೀಠದ ಎದುರು ನೆಲಕ್ಕೆ ಬೋರಲು ಮಲಗಿದಾಗ, ಸಕಲ ಸಂತರ ಹೆಸರು ಹಿಡಿದು ಇಡೀ ಸಭೆ ಅವನಿಗಾಗಿ ಪ್ರಾರ್ಥಿಸುತ್ತದೆ. ಮುಂದಿನ ಸಾಲಿನಲ್ಲಿ ಕೂತ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಈ ಹೊತ್ತಿನಲ್ಲೇ. ಮಗನಿಗೆ ಮದುವೆಯಿಲ್ಲ, ತಮಗೆ ಮೊಮ್ಮಕ್ಕಳಿಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಗುತ್ತದೆ. ಆ ಕಣ್ಣೀರಿನಲ್ಲಿ ಹೆಮ್ಮೆಯೂ ಇರುತ್ತದೆ.

ಧರ್ಮಕ್ಷೇತ್ರದ ಪಾದ್ರಿಗೂ ಜೆಸ್ವಿಟ್, ಕಪುಚಿನ್ ಮುಂತಾದ ಸಭೆಗಳ ಸಂನ್ಯಾಸಿಗಳಿಗೂ ಇಲ್ಲೊಂದು ವ್ಯತ್ಯಾಸವಿದೆ. ಸಂನ್ಯಾಸಿಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಡುತ್ತಾರೆ. ಅವರು ಆರಿಸಿಕೊಂಡದ್ದೇ ಸಂನ್ಯಾಸವನ್ನು, ಮದುವೆ ಇಲ್ಲದಿರುವುದು ಅದರೊಳಗೇ ಇದೆ. ಧರ್ಮಕ್ಷೇತ್ರದ ಪಾದ್ರಿ ಬಡತನದ ವ್ರತ ತೊಡುವುದಿಲ್ಲ, ಪಿತ್ರಾರ್ಜಿತ ಆಸ್ತಿಯನ್ನೂ ಇಟ್ಟುಕೊಳ್ಳಬಹುದು. ಅವನು ಬಯಸಿದ್ದು ಜನರ ನಡುವೆ ಗುರುವಾಗಿ ಬದುಕುವುದನ್ನು. ಬ್ರಹ್ಮಚರ್ಯ ಅವನಿಗೆ ಆ ಕೆಲಸದ ಷರತ್ತಾಗಿ ಬರುತ್ತದೆ. ಪ್ರಶ್ನೆ ಏಳುವುದು ಇವನ ವಿಷಯದಲ್ಲಿ.

ಈ ಷರತ್ತು ಏಸುವಿನ ಕಾಲದ್ದಲ್ಲ. ಮೊದಲ ಪೋಪ್ ಎಂದು ಕ್ಯಾಥೊಲಿಕರು ನಂಬುವ ಪೇತ್ರನಿಗೆ ಅತ್ತೆ ಇದ್ದಳು, ಆಕೆಯ ಜ್ವರವನ್ನು ಏಸು ಗುಣಪಡಿಸಿದ ಪ್ರಸಂಗ ಶುಭಸಂದೇಶದಲ್ಲೇ ಇದೆ. ಏಕಪತ್ನೀವ್ರತಸ್ಥನಾಗಿರಬೇಕು ಎಂಬುದು ಬಿಷಪನಿಗೆ ಬೈಬಲ್ ಇಟ್ಟ ಒಂದು ಷರತ್ತು. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಒಬ್ಬ ಡೀಕನ್‌ನ ಮಗ, ಪಾದ್ರಿಯ ಮೊಮ್ಮಗ. ಪೋಪ್ ಸಿಲ್ವೇರಿಯಸ್‌ನ ತಂದೆ ಪೋಪ್ ಹೋರ್ಮಿಸ್ಡಾಸ್. ಕ್ರಿ.ಶ. 410ರ ಸುಮಾರಿಗೆ ಉತ್ತರ ಆಫ್ರಿಕದ ಸಿನೇಸಿಯಸ್ ಎಂಬ ತತ್ತ್ವಜ್ಞಾನಿಯನ್ನು ಜನ ಬಿಷಪನಾಗು ಎಂದು ಹಿಡಿದುಕೊಂಡಾಗ, ಹೆಂಡತಿಯನ್ನು ಬಿಡಲಾರೆ, ಕದ್ದುಮುಚ್ಚಿ ಕಾಣುವುದೂ ನನ್ನಿಂದಾಗದು ಎಂದು ಆತ ಕಡ್ಡಿ ತುಂಡು ಮಾಡಿದಂತೆ ಬರೆದು ತಿಳಿಸಿದ. ಹಾಗಿದ್ದೂ ಆತ ಬಿಷಪನಾದ. ಒಂಬತ್ತನೇ ಶತಮಾನದಲ್ಲಿ ಎರಡನೇ ಏಡ್ರಿಯನ್ ಪೋಪ್ ಆದಾಗ ಪತ್ನಿ ಸ್ಟೆಫಾನಿಯಾ ಮತ್ತು ಮಗಳು ಅವರೊಂದಿಗೇ ರೋಮ್‌ನಲ್ಲಿದ್ದರು. 868ರಲ್ಲಿ ಆ ಇಬ್ಬರ ಕೊಲೆಯಾಯಿತು.

ಹಾಗಾದರೆ ಕಟ್ಟಳೆ ಬಂದದ್ದು ಎಲ್ಲಿಂದ? ಸ್ಪೇನಿನ ಎಲ್ವಿರಾದಲ್ಲಿ ನಾಲ್ಕನೇ ಶತಮಾನದ ಆರಂಭದಲ್ಲಿ ಸೇರಿದ ಬಿಷಪರ ಸಭೆ, ವಿವಾಹಿತ ಗುರುಗಳು ಹೆಂಡತಿಯಿಂದ ದೂರವಿರಬೇಕು, ಮಕ್ಕಳನ್ನು ಪಡೆಯಬಾರದು ಎಂದಿತು. ಮದುವೆಯೇ ಬೇಡ ಎನ್ನಲಿಲ್ಲ. 385ರಲ್ಲಿ ಪೋಪ್ ಸಿರಿಸಿಯಸ್ ಸ್ಪೇನಿನ ಬಿಷಪ್ ಹಿಮೇರಿಯಸ್‌ಗೆ ಬರೆದ ಪತ್ರದಲ್ಲಿ ಕಾರಣ ಕೊಟ್ಟರು. ಹಳೆಯ ಯೆಹೂದಿ ಯಾಜಕರು ದೇವಾಲಯದ ಸರದಿ ಬಂದಾಗ ಪತ್ನಿಯಿಂದ ದೂರ ಇರುತ್ತಿದ್ದರು. ನಮ್ಮ ಗುರುಗಳ ಸೇವೆಗೆ ಸರದಿಯಿಲ್ಲ, ಹಾಗಾಗಿ ಸಂಯಮಕ್ಕೂ ಬಿಡುವಿಲ್ಲ. ಪೂಜೆಗೆ ಕೂರುವವನಿಗೆ ಮಡಿ ಬೇಕು ಎಂಬ ಈ ತರ್ಕ ನಮಗೇನೂ ಅಪರಿಚಿತವಲ್ಲ. ಪೂರ್ವದವರು ಇದನ್ನು ಒಪ್ಪಲಿಲ್ಲ. 692ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್‌ನ ಟ್ರುಲ್ಲೊ ಸಭೆ, ಮದುವೆಯಾಗಿ ದೀಕ್ಷೆ ಪಡೆದವನು ಹೆಂಡತಿಯೊಂದಿಗೆ ಸಂಸಾರ ಮಾಡಬಹುದು, ಬಿಷಪ್ ಮಾತ್ರ ಮಾಡುವಂತಿಲ್ಲ ಎಂದು ತೀರ್ಮಾನಿಸಿತು. ಇಂದಿಗೂ ಪೂರ್ವದಲ್ಲಿ ನಡೆಯುತ್ತಿರುವುದು ಇದೇ.

ಪಶ್ಚಿಮದಲ್ಲಿ ಮಡಿಯ ತರ್ಕಕ್ಕೆ ಆಸ್ತಿಯ ಲೆಕ್ಕವೂ ಸೇರಿಕೊಂಡಿತು. ಪಾದ್ರಿಗೆ ಮಕ್ಕಳಾದರೆ ಚರ್ಚಿನ ಹೊಲ-ಗದ್ದೆ ಮಕ್ಕಳ ಪಾಲಾಗುತ್ತದೆ, ಪದವಿಯೂ ಅಪ್ಪನಿಂದ ಮಗನಿಗೆ ಹೋಗುತ್ತದೆ. ಇದು ಕಟ್ಟುಕತೆಯಲ್ಲ, ಯುರೋಪಿನಲ್ಲಿ ನಿಜಕ್ಕೂ ನಡೆಯುತ್ತಿತ್ತು. ತಡೆಯಬೇಕಾದ ಕೆಡುಕೂ ಹೌದು. ಆದರೆ ತಡೆದ ಬಗೆಯನ್ನು ಓದುವಾಗ ಹೊಟ್ಟೆ ಕಿವುಚುತ್ತದೆ. 1022ರ ಪಾವಿಯಾ ಸಭೆ ಪಾದ್ರಿಗಳ ಮಕ್ಕಳನ್ನು ಚರ್ಚಿನ ಜೀತದಾಳುಗಳೆಂದು ಸಾರಿತು. 1089ರಲ್ಲಿ ಮೆಲ್ಫಿಯಲ್ಲಿ ಪೋಪ್ ಎರಡನೇ ಅರ್ಬನ್ ನಡೆಸಿದ ಸಭೆ, ಹೆಂಡತಿಯನ್ನು ಬಿಡದ ಉಪ-ಡೀಕನ್‌ಗಳ ಹೆಂಡಂದಿರನ್ನು ದಾಸಿಯರನ್ನಾಗಿ ಇಟ್ಟುಕೊಳ್ಳಲು ಪಾಳೆಯಗಾರರಿಗೆ ಅನುಮತಿ ಕೊಟ್ಟಿತು. ಆ ಹೆಂಗಸರು ಮಾಡಿದ್ದ ತಪ್ಪೇನು? ಊರೆಲ್ಲ ನೋಡುತ್ತಿದ್ದಂತೆ, ಆಗ ಚಾಲ್ತಿಯಲ್ಲಿದ್ದ ಪದ್ಧತಿಯಂತೆ ಮದುವೆಯಾಗಿದ್ದರು. ಸುಧಾರಣೆಯ ಇತಿಹಾಸ ಬರೆದವರು ಪೋಪರ ಹೆಸರು, ಅರಸರ ಹೆಸರು ಬರೆದರು. ಈ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ಇಲ್ಲ.

ಏಳನೇ ಗ್ರೆಗರಿ 1074ರಲ್ಲಿ ಕಟ್ಟಳೆಯನ್ನು ಬಿಗಿ ಮಾಡಿದಾಗ ಪಾದ್ರಿಗಳು ಸುಮ್ಮನಿರಲಿಲ್ಲ. ಜರ್ಮನಿಯ ಎರ್ಫರ್ಟ್ ಸಭೆಯಲ್ಲಿ ಗಲಾಟೆಯಾಯಿತು. ಅದೇ ದಶಕದಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಹೆಂಡಂದಿರನ್ನು ಬಿಡಿ ಎಂದ ಆರ್ಚ್‌ಬಿಷಪರ ಮೇಲೆ ಪಾದ್ರಿಗಳೇ ಕಲ್ಲು ತೂರಿದರು. 1139ರ ಎರಡನೇ ಲ್ಯಾಟರನ್ ಮಹಾಸಭೆ ಕೊನೆಯ ಬೀಗ ಹಾಕಿತು. ಅಲ್ಲಿಯವರೆಗೆ ಗುರುವಿನ ಮದುವೆ ನಿಷಿದ್ಧವಾಗಿತ್ತು, ಅಲ್ಲಿಂದ ಮುಂದೆ ಅದು ಮದುವೆಯೇ ಅಲ್ಲ ಎಂದಾಯಿತು. ಆದರೂ ಮುಂದಿನ ನಾಲ್ಕು ನೂರು ವರ್ಷ ಹಳ್ಳಿ ಪಾದ್ರಿಗಳ ಮನೆಗಳಲ್ಲಿ ಹೆಂಗಸರು, ಮಕ್ಕಳು ಇದ್ದೇ ಇದ್ದರು. ಮಾರ್ಟಿನ್ ಲೂಥರ್ 1525ರಲ್ಲಿ ಮಾಜಿ ಸಂನ್ಯಾಸಿನಿ ಕತರೀನಾ ಫಾನ್ ಬೋರಾ ಅವರನ್ನು ಮದುವೆಯಾದರು. 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟಳೆಯನ್ನು ಮತ್ತೆ ಎತ್ತಿಹಿಡಿಯಿತು. ಜೊತೆಗೆ ಪ್ರತಿ ಧರ್ಮಕ್ಷೇತ್ರದಲ್ಲೂ ಗುರುಮಠ ಇರಬೇಕೆಂದಿತು. ನಿಯಮ ನಿಜವಾಗಿ ನೆಲೆಯೂರಿದ್ದು ಈ ಗುರುಮಠಗಳಿಂದ. ಹುಡುಗರನ್ನು ಚಿಕ್ಕಂದಿನಲ್ಲೇ ಮನೆಯಿಂದ ತಂದು, ಪ್ರತ್ಯೇಕವಾಗಿಟ್ಟು, ಆ ಬದುಕಿಗೆ ಅಣಿಗೊಳಿಸುವ ಏರ್ಪಾಡು ಅದಕ್ಕೂ ಮೊದಲು ಎಲ್ಲೆಡೆ ಇರಲಿಲ್ಲ.

ಟ್ರೆಂಟ್ ಮಹಾಸಭೆ ಮುಗಿದು ನಾಲ್ಕು ದಶಕ ತುಂಬುವುದರೊಳಗೆ ಕಟ್ಟಳೆ ನಮ್ಮ ಕಡಲತಡಿಗೂ ಬಂತು. ಕೇರಳದ ಸಂತ ತೋಮರ ಕ್ರೈಸ್ತರಲ್ಲಿ ಕತ್ತನಾರ್ ಎಂದು ಕರೆಯುವ ಪಾದ್ರಿಗಳು ಸಂಸಾರಿಗಳಾಗಿದ್ದರು. 1599ರ ಜೂನ್‌ನಲ್ಲಿ ಗೋವಾದ ಆರ್ಚ್‌ಬಿಷಪ್ ಅಲೆಶೊ ದ ಮೆನೇಜಿಸ್ ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಗುರುಗಳು ಮದುವೆಯಾಗಕೂಡದು, ಆದವರು ಹೆಂಡತಿಯನ್ನು ಬಿಡಬೇಕು, ಇಲ್ಲವಾದರೆ ಸೇವೆಯಿಂದ ದೂರ ಉಳಿಯಬೇಕು ಎಂದು ವಿಧಿಸಿದರು. ಪೋರ್ಚುಗೀಸರ ಇಂಥ ದಬ್ಬಾಳಿಕೆಗಳ ಮೇಲಿನ ಸಿಟ್ಟು 1653ರಲ್ಲಿ ಮಟ್ಟಂಚೇರಿಯ ಕೂನನ್ ಕುರಿಶ್ ಪ್ರತಿಜ್ಞೆಯಲ್ಲಿ ಸಿಡಿಯಿತು. ರೋಮ್‌ನಿಂದ ಬೇರೆಯಾದ ಬಣದ ಆರ್ಥೊಡಾಕ್ಸ್, ಜಾಕೋಬೈಟ್ ಪಾದ್ರಿಗಳಿಗೆ ಇಂದಿಗೂ ಸಂಸಾರ ಉಂಟು. ರೋಮ್‌ನೊಂದಿಗೆ ಉಳಿದ ಸಿರೊ ಮಲಬಾರ್ ಧರ್ಮಸಭೆ ಪೂರ್ವ ವಿಧಿಯದಾದರೂ ಅದರ ಗುರುಗಳು ಬ್ರಹ್ಮಚಾರಿಗಳು. 1930ರಲ್ಲಿ ಮಾರ್ ಇವಾನಿಯೋಸ್ ನೇತೃತ್ವದಲ್ಲಿ ರೋಮ್ ಸೇರಿದ ಸಿರೊ ಮಲಂಕರ ಧರ್ಮಸಭೆಯೂ ಇದೇ ದಾರಿ ಹಿಡಿದಿದೆ.

ಇವೆರಡೂ ಕರ್ನಾಟಕದಲ್ಲಿವೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಸಿರೊ ಮಲಬಾರ್ ಧರ್ಮಕ್ಷೇತ್ರಗಳು, ಪುತ್ತೂರು ಸಿರೊ ಮಲಂಕರದ್ದು. ಉಡುಪಿಯ ಬಳಿಯ ಬ್ರಹ್ಮಾವರಕ್ಕೆ ಹೋದರೆ ಇನ್ನೊಂದು ಚಿತ್ರ ಸಿಗುತ್ತದೆ. ಅಲ್ಲಿನ ಕೊಂಕಣಿ ಮಾತಾಡುವ ಕ್ಯಾಥೊಲಿಕರ ಒಂದು ಗುಂಪು 1880ರ ದಶಕದ ಕೊನೆಯಲ್ಲಿ ಗೋವಾದ ಪಾದ್ರಿ ಆಲ್ವಾರಿಸ್ ಅವರ ಜೊತೆ ರೋಮ್ ತೊರೆದು ಮಲಂಕರದ ಆರ್ಥೊಡಾಕ್ಸರನ್ನು ಸೇರಿತು. ಜಗಳ ಚರ್ಚುಗಳು ಯಾರ ಆಡಳಿತಕ್ಕೆ ಸೇರಬೇಕು ಎಂಬುದರ ಮೇಲೆ, ಮದುವೆಯ ಮೇಲಲ್ಲ. ಆದರೆ ಪರಿಣಾಮ ನೋಡಿ: ಒಂದೇ ಮೂಲದ, ಒಂದೇ ಮಾತಿನ ಜನ. ಒಂದು ಚರ್ಚಿನ ಪಾದ್ರಿಗೆ ಸಂಸಾರ ನಿಷಿದ್ಧ, ಇನ್ನೊಂದು ಚರ್ಚಿನ ಪಾದ್ರಿಗೆ ಅಲ್ಲ. ದೇವರ ಭಯ ಈ ಕಡೆ ಹೆಚ್ಚು, ಆ ಕಡೆ ಕಡಿಮೆ ಎಂದು ಅಲ್ಲಿ ಯಾರೂ ಹೇಳಲಾರರು.

ಬ್ರಹ್ಮಚರ್ಯದ ಪರವಾದ ಬಲವಾದ ವಾದ ತ್ಯಾಗದ್ದು. ಹೆಂಡತಿ-ಮಕ್ಕಳಿಲ್ಲದವನು ಪೂರ್ತಿಯಾಗಿ ಜನರಿಗೆ ಸಿಗುತ್ತಾನೆ ಎಂಬುದು. ಇದಕ್ಕೆ ಸಾಕ್ಷಿ ಕಣ್ಣೆದುರೇ ಇದೆ. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಮುಟ್ಟಿದರೆ ಮೈಲಿಗೆ ಎಂದು ಜನ ದೂರವಿಟ್ಟವರ ನಡುವೆ ಬದುಕು ಸವೆಸಿದರು. ಮನೆಯಲ್ಲಿ ಎಳೆಮಕ್ಕಳಿದ್ದರೆ ಅದು ಅವರಿಗೆ ಸುಲಭವಾಗುತ್ತಿರಲಿಲ್ಲ. ಅದೇ ಶತಮಾನದಲ್ಲಿ, ಅದೇ ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ಪ್ರಾಟೆಸ್ಟಂಟ್ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ ಇದ್ದರು. ಸಂಸಾರಿ. ಮೊದಲ ಪತ್ನಿ ಪೌಲೀನಾ ತೀರಿಕೊಂಡ ಮೇಲೆ ಆಕೆಯ ತಂಗಿ ಜೂಲಿಯಾರನ್ನು ಮದುವೆಯಾದರು. ಸಾವು, ಕಾಯಿಲೆ, ಮಕ್ಕಳ ಚಿಂತೆ ಎಲ್ಲದರ ನಡುವೆ 1894ರಲ್ಲಿ ಕನ್ನಡಕ್ಕೆ ಅವರು ಕೊಟ್ಟ ನಿಘಂಟಿನ ಹಿಂದಿನ ದುಡಿಮೆಯನ್ನು ತ್ಯಾಗ ಎನ್ನದೆ ಇನ್ನೇನೆನ್ನಬೇಕು?

ಕ್ಯಾಥೊಲಿಕ್ ಗುರುಗಳಲ್ಲೇ ಉದಾಹರಣೆ ಬೇಕೆಂದರೆ ಉಕ್ರೇನಿನ ಒಮೆಲಿಯನ್ ಕೋವ್ಚ್ ಇದ್ದಾರೆ. ಗ್ರೀಕ್ ಕ್ಯಾಥೊಲಿಕ್ ಪಾದ್ರಿ, ಆರು ಮಕ್ಕಳ ತಂದೆ. ನಾಜಿಗಳಿಂದ ಉಳಿಸಲು ಯೆಹೂದಿಗಳಿಗೆ ದೀಕ್ಷಾಸ್ನಾನ ಕೊಟ್ಟು ಪ್ರಮಾಣಪತ್ರ ಬರೆದುಕೊಟ್ಟರು. ಗೆಸ್ಟಾಪೊ ಹಿಡಿದು ಮೈದಾನೆಕ್ ಸೆರೆಶಿಬಿರಕ್ಕೆ ಹಾಕಿತು. ಬಿಡಿಸಲು ಮನೆಯವರು ಓಡಾಡುತ್ತಿದ್ದಾಗ, ಇಲ್ಲಿ ಸಾಯುತ್ತಿರುವವರಿಗೆ ನಾನೊಬ್ಬನೇ ಗುರು, ಬಿಡಿಸಬೇಡಿ ಎಂದು ಅವರು ಬರೆದು ತಿಳಿಸಿದರು. 1944ರಲ್ಲಿ ಅಲ್ಲೇ ತೀರಿಕೊಂಡರು. 2001ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುನೀತರೆಂದು ಸಾರಿದರು. ಸಂಸಾರವಿದ್ದವನು ಪ್ರಾಣ ಕೊಡಲು ಹಿಂಜರಿಯುತ್ತಾನೆ ಎಂಬ ಮಾತಿಗೆ ಈ ಒಬ್ಬರೇ ಸಾಕಷ್ಟು ಉತ್ತರ.

ಮಾತು ಕೊಟ್ಟು ಆಮೇಲೆ ಉಳಿಸಿಕೊಳ್ಳಲಾರದವರ ಗತಿ? ಬ್ರಹ್ಮಚರ್ಯದ ಹೊಣೆಯಿಂದ ಬಿಡುಗಡೆ ಕೊಡುವ ಅಧಿಕಾರ ಪೋಪರೊಬ್ಬರದು. ಅರ್ಜಿ ರೋಮ್‌ಗೆ ಹೋಗಬೇಕು, ಬದುಕಿನ ಒಳಗುಟ್ಟುಗಳೆಲ್ಲ ಕಾಗದಕ್ಕೆ ಇಳಿಯಬೇಕು, ವರ್ಷಗಟ್ಟಲೆ ಕಾಯಬೇಕಾಗಬಹುದು. ಬಿಡುಗಡೆ ಸಿಕ್ಕವನು ಪೂಜೆ ಮಾಡುವಂತಿಲ್ಲ. ವಿಚಿತ್ರವೆಂದರೆ, ದೀಕ್ಷೆ ಅಳಿಸಿಹೋಗುವುದಿಲ್ಲ ಎನ್ನುತ್ತದೆ ಅದೇ ಧರ್ಮಸಭೆ. ಸಾಯುವ ಸ್ಥಿತಿಯಲ್ಲಿರುವವನ ಪಾಪನಿವೇದನೆ ಕೇಳಿ ಕ್ಷಮೆ ನೀಡುವ ಅಧಿಕಾರ, 976ನೇ ವಿಧಿಯಂತೆ, ಮದುವೆಯಾಗಿ ಹೊರಹೋದ ಪಾದ್ರಿಗೂ ಉಂಟು. ಸಾಯುವವನಿಗೆ ಅವನು ಗುರು, ಬದುಕಿರುವವರಿಗೆ ಅಲ್ಲ. ನಮ್ಮ ಊರುಗಳಲ್ಲಿ ಹಾಗೆ ಹೊರಬಂದವರು ತಮ್ಮ ಹಳೆಯ ಧರ್ಮಕೇಂದ್ರದ ಕಡೆ ಮುಖ ಹಾಕದೆ, ದೂರದ ನಗರದಲ್ಲಿ ಕೆಲಸ ಹುಡುಕಿಕೊಂಡು ಇರುವುದೇ ಹೆಚ್ಚು. ವರ್ಷಗಟ್ಟಲೆ ಜನರ ಸುಖದುಃಖ ಕೇಳಿದವರನ್ನು ನಾವು ಹೀಗೆ ಕಳೆದುಕೊಳ್ಳುತ್ತೇವೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಗಳ ತನಿಖೆ ನಡೆಸಿದ ಆಸ್ಟ್ರೇಲಿಯದ ರಾಯಲ್ ಕಮಿಷನ್ 2017ರಲ್ಲಿ, ಬ್ರಹ್ಮಚರ್ಯವೇ ನೇರ ಕಾರಣವಲ್ಲ, ಆದರೆ ಬೇರೆ ಅಂಶಗಳೊಂದಿಗೆ ಸೇರಿ ಅಪಾಯ ಹೆಚ್ಚಿಸಿದೆ ಎಂದಿತು. ಧರ್ಮಕ್ಷೇತ್ರದ ಪಾದ್ರಿಗಳಿಗೆ ಅದನ್ನು ಐಚ್ಛಿಕಗೊಳಿಸುವ ಬಗ್ಗೆ ರೋಮ್ ಯೋಚಿಸಲಿ ಎಂದು ಶಿಫಾರಸು ಮಾಡಿತು. ಮದುವೆಯಾದವರೂ ಇಂಥ ಅಪರಾಧ ಮಾಡುತ್ತಾರೆ ಎಂಬುದು ಗೊತ್ತೇ ಇದೆ. ಆ ಮಾತನ್ನೇ ಹಿಡಿದು ಶಿಫಾರಸನ್ನು ಬದಿಗೆ ಸರಿಸುವುದು ಪ್ರಾಮಾಣಿಕತೆಯಲ್ಲ.

ರೋಮ್ ಈ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ. ಬ್ರಹ್ಮಚರ್ಯ ಗುರುತ್ವದ ಸ್ವಭಾವಕ್ಕೇ ಅಗತ್ಯವಾದುದಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಪ್ಪಿಕೊಂಡಿತು. ಆದರೆ ಲ್ಯಾಟಿನ್ ಕಟ್ಟಳೆಯನ್ನು ಸಭೆಯಲ್ಲಿ ಚರ್ಚಿಸುವುದು ಬೇಡವೆಂದು ಪೋಪ್ ಆರನೇ ಪಾಲ್ ತಡೆದರು. 1967ರಲ್ಲಿ ವಿಶ್ವಪತ್ರ ಬರೆದು ಕಟ್ಟಳೆಯನ್ನು ಉಳಿಸಿಕೊಂಡರು. ಅದೇ ವರ್ಷ ವಿವಾಹಿತರು ಕಾಯಂ ಡೀಕನ್‌ಗಳಾಗಲು ದಾರಿ ಮಾಡಿಕೊಟ್ಟರು. ವಯಸ್ಸು 35 ತುಂಬಿರಬೇಕು, ಹೆಂಡತಿಯ ಒಪ್ಪಿಗೆ ಬೇಕು. 1980ರಲ್ಲಿ ಅಮೆರಿಕದಲ್ಲಿ, 2009ರಲ್ಲಿ ಇನ್ನೂ ವ್ಯಾಪಕವಾಗಿ, ಆಂಗ್ಲಿಕನ್ ಸಭೆಯಿಂದ ಬಂದ ಸಂಸಾರಸ್ಥ ಪಾದ್ರಿಗಳಿಗೆ ಲ್ಯಾಟಿನ್ ವಿಧಿಯಲ್ಲೇ ಗುರುದೀಕ್ಷೆ ಸಿಕ್ಕಿತು. ಹೊರಗಿನಿಂದ ಹೆಂಡತಿ-ಮಕ್ಕಳೊಂದಿಗೆ ಬಂದವನು ಬಲಿಪೂಜೆ ಅರ್ಪಿಸಬಹುದು. ಹುಟ್ಟಿದಾಗಿನಿಂದ ಕ್ಯಾಥೊಲಿಕನಾಗಿ, ಧರ್ಮಕೇಂದ್ರದ ಉಪದೇಶಿಯಾಗಿ ಕೂದಲು ಹಣ್ಣಾದ ಗೃಹಸ್ಥನಿಗೆ ಅದು ಇಲ್ಲ. ಇದಕ್ಕೆ ನಾನು ಈವರೆಗೆ ಓದಿದ ಸಮರ್ಥನೆಗಳಲ್ಲಿ ಒಂದೂ ಮನಸ್ಸಿಗೆ ನಾಟಿಲ್ಲ.

ಬೆಲೆ ತೆರುತ್ತಿರುವವರು ಪೂಜೆಯೇ ಸಿಗದ ಜನ. ಅಮೆಜಾನ್ ಕಾಡಿನ ಎಷ್ಟೋ ಹಳ್ಳಿಗಳಿಗೆ ಪಾದ್ರಿಯ ದೋಣಿ ಬರುವುದು ವರ್ಷಕ್ಕೊಮ್ಮೆ, ಕೆಲವೆಡೆ ಅಷ್ಟೂ ಇಲ್ಲ. ಪರಮಪ್ರಸಾದವೇ ತನ್ನ ಜೀವಾಳ ಎನ್ನುವ ಧರ್ಮಸಭೆ ಆ ಜನರಿಗೆ ಅದನ್ನು ಕೊಡಲಾಗದೆ ಕೂತಿದೆ. 2019ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಸೇರಿದ ಅಮೆಜಾನ್ ಸಿನೊಡ್, ಅಂದರೆ ಬಿಷಪರ ಸಭೆ, ಊರಿನ ಮನ್ನಣೆ ಗಳಿಸಿದ ವಿವಾಹಿತ ಡೀಕನ್‌ಗಳಿಗೆ ಗುರುದೀಕ್ಷೆ ಕೊಡಬಹುದೆಂಬ ಸಲಹೆಯನ್ನು 128–41 ಮತಗಳಿಂದ ಅಂಗೀಕರಿಸಿತು. ಮರು ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಪತ್ರ ಆ ಸಲಹೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಇದೇ ಫ್ರಾನ್ಸಿಸ್ 2014ರಲ್ಲಿ, ಅಮೆರಿಕದಂಥ ದೇಶಗಳಲ್ಲಿ ಪೂರ್ವ ವಿಧಿಯವರು ವಿವಾಹಿತರಿಗೆ ಗುರುದೀಕ್ಷೆ ಕೊಡುವುದರ ಮೇಲಿದ್ದ ನಿಷೇಧವನ್ನು ತೆಗೆದುಹಾಕಿದ್ದರು. ಟೋತ್ ಅವರಂಥವರಿಗೆ ಅಷ್ಟು ಹೊತ್ತಿಗೆ ನ್ಯಾಯ ಸಿಕ್ಕಿತು.

ಭಾರತದ ಮಟ್ಟಿಗೆ ದಾರಿ ಇನ್ನೂ ಹತ್ತಿರವಿದೆ. ವಿವಾಹಿತರಿಗೆ ದೀಕ್ಷೆ ಕೊಡುವ ವಿಷಯದಲ್ಲಿ ಆಯಾ ಧರ್ಮಸಭೆಯ ಸ್ವಂತ ಕಾನೂನನ್ನೋ ರೋಮ್‌ನ ವಿಶೇಷ ನಿಯಮವನ್ನೋ ಅನುಸರಿಸಬೇಕು ಎಂದಷ್ಟೇ ಪೂರ್ವದ ಸಂಹಿತೆ ಹೇಳುತ್ತದೆ. ಸಿರೊ ಮಲಬಾರ್, ಸಿರೊ ಮಲಂಕರ ಸಿನೊಡ್‌ಗಳು ಮನಸ್ಸು ಮಾಡಿದರೆ 1599ಕ್ಕೂ ಹಿಂದಿನ ತಮ್ಮದೇ ಪದ್ಧತಿಯನ್ನು ಮತ್ತೆ ಚರ್ಚೆಗೆ ತರಬಹುದು. ಅದಕ್ಕಾಗಿ ಲ್ಯಾಟಿನ್ ಸಂಹಿತೆಯ ಒಂದಕ್ಷರವೂ ಬದಲಾಗಬೇಕಿಲ್ಲ. ಬ್ರಹ್ಮಚಾರಿಯಾಗಿಯೇ ಇರುತ್ತೇನೆ ಎನ್ನುವ ಹುಡುಗರಿಗೆ ಗುರುಮಠದ ಬಾಗಿಲು ಈಗಿನಂತೆಯೇ ತೆರೆದಿರುತ್ತದೆ. ಕೇಳಬೇಕಾದವರು ಆ ಧರ್ಮಸಭೆಗಳ ಜನ, ಉತ್ತರಿಸಬೇಕಾದವರು ಅವರ ಬಿಷಪರು.